ಹಳೇ ಬಿಎಂಡಬ್ಲ್ಯು ಕೊಂಡು ಡ್ರಿಫ್ಟ್ ಕಲಿಯಬೇಕು: ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಪ್ರಶ್ನೆ

ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಹತ್ತಿರದ ಇಂಗ್ಲಿಷ್‌ಟೌನ್ ರೇಸ್‌ವೇ ಪಾರ್ಕ್‌ನಲ್ಲಿ ಡ್ರಿಫ್ಟ್ (ಹಿಂದಿನ ಚಕ್ರ ಜಾರಿಸುತ್ತಾ ಓಡಿಸುವುದು) ಕಲಿಯುವ ಆಸೆ. ನೋಡಿಟ್ಟಿರುವ ಗಾಡಿ 2002ರ 325ಐ, ಇ46 ಎಂಬ ಪೀಳಿಗೆಯ ಸೆಡಾನ್, ಐದು ಗೇರಿನ ಮ್ಯಾನ್ಯುಯಲ್. ಗಾಡಿ ಸೇರಿ ಒಟ್ಟು 6000 ಡಾಲರ್ ಒಳಗೆ ಮುಗಿಯಬೇಕು. ಅದರ ಹಿಂದಿನ ಪೀಳಿಗೆಯ ಇ36 328ಐ ಒಂದೂ ಮಾರಾಟಕ್ಕಿದೆ. ಯಾವುದು ವಾಸಿ? ಡಿಫ್ ವೆಲ್ಡಿಂಗ್ (ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಡಿಫರೆನ್ಷಿಯಲ್ ಗೇರು ಬೆಸೆಯುವುದು), ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್, ಆಂಗಲ್ ಕಿಟ್ (ಮುಂದಿನ ಚಕ್ರ ಇನ್ನೂ ಹೆಚ್ಚು ತಿರುಗಿಸುವ ಭಾಗಗಳು), ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗು, ಶಾಕ್) ಇವುಗಳಲ್ಲಿ ಮೊದಲು ಯಾವುದು? ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಬಿಎಂಡಬ್ಲ್ಯು ರಿಪೇರಿ ಮಾಡುವವರು

ನೀವು ಕೇಳಿದ ನಾಲ್ಕೂ ಆಮೇಲಿನ ಮಾತು ಸರ್. ಇಪ್ಪತ್ತು ವರ್ಷ ದಾಟಿದ ಗಾಡಿಗೆ ಮೊದಲ ಖರ್ಚು ಕೂಲಿಂಗ್, ಎರಡನೆಯದು ಹಿಂದಿನ ಸಬ್‌ಫ್ರೇಮ್, ಅಂದರೆ ಡಿಫ್ಫೂ ಹಿಂದಿನ ಸಸ್ಪೆನ್ಷನ್ನೂ ಕೂರುವ ಚೌಕಟ್ಟು. ಇವೆರಡನ್ನು ಬಿಟ್ಟು ಬೇರೆ ಏನು ಹಾಕಿಸಿದರೂ ಗಾಡಿ ಟ್ರ್ಯಾಕ್‌ನಲ್ಲಿ ಅರ್ಧ ದಿನ ಓಡಿ ಉಳಿದರ್ಧ ದಿನ ಬಾನೆಟ್ ತೆರೆದುಕೊಂಡು ನಿಂತಿರುತ್ತದೆ.

ಇ36, ಇ46 ಎರಡೂ ಕಲಿಯಲು ಒಳ್ಳೆಯವೇ. ಅಮೆರಿಕದಲ್ಲಿ ಮಾರಿದ ಇ36 328ಐ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಸ್ವಲ್ಪ ಬಿಸಿ ತಡೆಯುತ್ತದೆ. ಇ46 325ಐಯ ಎಂ54 ಎಂಜಿನ್ನಿನದು ಅಲ್ಯೂಮಿನಿಯಂ ಬ್ಲಾಕ್. ಒಮ್ಮೆ ಜೋರಾಗಿ ಓವರ್‌ಹೀಟ್ ಆದರೆ ಹೆಡ್ (ಬ್ಲಾಕ್ ಮೇಲೆ ಕೂರುವ ಎಂಜಿನ್ನಿನ ಮೇಲ್ಭಾಗ) ಹಿಡಿದಿರುವ ಬೋಲ್ಟಿನ ಥ್ರೆಡ್ಡೇ ಬ್ಲಾಕ್‌ನಿಂದ ಕಿತ್ತು ಬರುತ್ತದೆ, ಆಮೇಲೆ ಬರೀ ಗ್ಯಾಸ್ಕೆಟ್ ಬದಲಾಯಿಸಿ ಪ್ರಯೋಜನವಿಲ್ಲ. ಆದರೂ ಬಿಡಿಭಾಗ ಸಿಗುವುದನ್ನೂ ಬಾಡಿಯ ಗಟ್ಟಿತನವನ್ನೂ ನೋಡಿದರೆ ನನ್ನ ಓಟು ಇ46ಗೆ. 325ಎಕ್ಸ್‌ಐ ಮಾತ್ರ ಅಪ್ಪಿತಪ್ಪಿಯೂ ಕೊಳ್ಳಬೇಡಿ, ಅದು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ.

ನೋಡಲು ಹೋದಾಗ ಟಾರ್ಚ್ ಇರಲಿ. ಗಾಡಿ ಎತ್ತಿಸಿ, ಹಿಂದಿನ ಸಬ್‌ಫ್ರೇಮ್ ಬಾಡಿಗೆ ಕೂರುವ ನಾಲ್ಕೂ ಜಾಗ ನೋಡಿ. ಅಂಡರ್‌ಕೋಟ್ ಕೆರೆದು ಸ್ಪಾಟ್ ವೆಲ್ಡ್ ಸುತ್ತ ಕೂದಲೆಳೆಯಷ್ಟು ಬಿರುಕಿದೆಯೇ ಎಂದು ಹುಡುಕಿ, ಮುಂದಿನ ಎರಡು ಮೌಂಟ್‌ಗಳನ್ನು ವಿಶೇಷವಾಗಿ. ನಿಂತಲ್ಲೇ ಒಂದನೇ ಗೇರು, ರಿವರ್ಸ್ ಬದಲಿಸುತ್ತಾ ಕ್ಲಚ್ ಬಿಡುವಾಗ ಹಿಂದಿನಿಂದ ‘ಧಡ್’ ಎಂದರೆ ಮೌಂಟೋ, ಡಿಫ್ ಬುಷ್ಷೋ, ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕಪ್ಲಿಂಗೋ ಹೋಗಿದೆ. ನ್ಯೂಜೆರ್ಸಿಯಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುವುದರಿಂದ ಜ್ಯಾಕ್ ಪಾಯಿಂಟ್, ಬ್ರೇಕ್ ಪೈಪು, ಹಿಂದಿನ ಚಕ್ರದ ಕಮಾನು ಇವುಗಳ ತುಕ್ಕನ್ನೂ ನೋಡಿ. ಪೇಂಟು ಹೋಗಿದ್ದರೆ, ಸೀಟು ಹರಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದನ್ನೇ ತೋರಿಸಿ ಚೌಕಾಸಿ ಮಾಡಿ.

ಕೂಲಿಂಗ್‌ನಲ್ಲಿ ರೇಡಿಯೇಟರ್, ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಮತ್ತು ಮುಚ್ಚಳ, ವಾಟರ್ ಪಂಪ್, ಥರ್ಮೋಸ್ಟಾಟ್, ಮೇಲಿನ ಕೆಳಗಿನ ಹೋಸು, ಎಲ್ಲವೂ ಒಂದೇ ಸಲ ಹೊಸದು. ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆ) ಲೋಹದ್ದಿರಲಿ. ಹಳೇ ಪ್ಲಾಸ್ಟಿಕ್ಕು ಬಿಸಿಗೆ ಬಿರುಸಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಬೆಲ್ಟಿನಿಂದ ತಿರುಗುವ ಪ್ಲಾಸ್ಟಿಕ್ ಫ್ಯಾನ್ ಇದ್ದರೆ ತೆಗೆದು ಎಲೆಕ್ಟ್ರಿಕ್ ಹಾಕಿ. ಹೆಚ್ಚು ಆರ್‌ಪಿಎಂನಲ್ಲಿ ರೆಕ್ಕೆ ಚೂರಾದರೆ ರೇಡಿಯೇಟರನ್ನೂ ಹೋಸನ್ನೂ ಸೀಳುತ್ತದೆ. ಕೂಲಂಟ್ ತುಂಬುವಾಗ ಗಾಡಿಯ ಮೂತಿ ಎತ್ತರದಲ್ಲಿರಲಿ, ಇಗ್ನಿಷನ್ ಆನ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋಯರ್ ನಿಧಾನ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ತೆರೆದು ಗುಳ್ಳೆ ನಿಲ್ಲುವವರೆಗೆ ನಿಧಾನಕ್ಕೆ ಸುರಿಯಿರಿ. ಸ್ಕ್ರೂ ಪ್ಲಾಸ್ಟಿಕ್ಕಿನದು, ಬಲ ಹಾಕಿ ಬಿಗಿದರೆ ತಲೆ ಕೈಗೆ ಬರುತ್ತದೆ.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬಬೇಡಿ. ಸುಮಾರು 75 ಡಿಗ್ರಿಯಿಂದ 115 ಡಿಗ್ರಿ ಸೆಲ್ಸಿಯಸ್‌ವರೆಗೂ ಅದು ನಡುವೆಯೇ ನಿಂತಿರುವಂತೆ ಕಾರ್ಖಾನೆಯಲ್ಲೇ ಹೊಂದಿಸಿದ್ದಾರೆ. ಅದು ಮೇಲೇರುವಷ್ಟರಲ್ಲಿ ಹೆಡ್ ಹೋಗಿರುತ್ತದೆ. ಒಬಿಡಿ ರೀಡರ್ (ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಸಾಧನ) ಚುಚ್ಚಿ ಫೋನಿನಲ್ಲಿ ನಿಜವಾದ ಅಂಕಿ ನೋಡಿ. 105 ದಾಟಿದರೆ ಆ ಸುತ್ತು ಅಲ್ಲಿಗೇ ನಿಲ್ಲಿಸಿ.

ಅದೇ ಎಂಜಿನ್ ಬಗ್ಗೆ ಇನ್ನೊಬ್ಬರು

ಮೇಲಿನವರ ಮಾತಿಗೆ ಆಯಿಲ್ ವಿಷಯ ಸೇರಿಸುತ್ತೇನೆ. ಎಂ54 ಆಯಿಲ್ ಕುಡಿಯುತ್ತದೆ. ಕಾರಣ ಪಿಸ್ಟನ್ ರಿಂಗು, ಜೊತೆಗೆ ಕ್ರ್ಯಾಂಕ್‌ಕೇಸ್ ಬ್ರೀದರ್ ವಾಲ್ವ್. ಚಳಿ ಊರಲ್ಲಿ ಆ ವಾಲ್ವ್ ಮತ್ತು ಅದರ ಪೈಪುಗಳಲ್ಲಿ ಕೆಸರು ಹೆಪ್ಪುಗಟ್ಟಿದರೆ ಆಯಿಲ್ ನೇರ ಇನ್‌ಟೇಕ್‌ಗೆ ಎಳೆದುಕೊಳ್ಳುತ್ತದೆ. ಅದನ್ನೂ ಪೈಪುಗಳನ್ನೂ ಸೆಟ್ಟಾಗಿ ಬದಲಾಯಿಸಿ. ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ಟೂ ವಾಲ್ವ್ ಕವರ್ ಗ್ಯಾಸ್ಕೆಟ್ಟೂ ಹೊಸದಿರಲಿ. ಸೋರುವ ಗಾಡಿಯನ್ನು ಟ್ರ್ಯಾಕ್‌ನ ತಪಾಸಣೆಯಲ್ಲೇ ವಾಪಸ್ ಕಳಿಸುತ್ತಾರೆ.

ಡ್ರಿಫ್ಟ್ ದಿನ ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗಿಂತ ಅರ್ಧ ಲೀಟರ್ ಹೆಚ್ಚು ಹಾಕುವುದು ರೂಢಿ. ಗಾಡಿ ಒಂದೇ ಕಡೆಗೆ ತುಂಬ ಹೊತ್ತು ಜಾರುವಾಗ ಆಯಿಲ್ ಪಕ್ಕಕ್ಕೆ ಸರಿದು ಪಂಪಿಗೆ ಗಾಳಿ ಸಿಗುತ್ತದಲ್ಲ, ಅದಕ್ಕೆ. ಆಯಿಲ್ ಪಂಪಿನ ಗೇರು ಹಿಡಿದಿರುವ ನಟ್ಟು ಈ ಎಂಜಿನ್‌ಗಳ ಹಳೇ ರೋಗ: ರೆವ್ ಲಿಮಿಟರ್‌ಗೆ (ಎಂಜಿನ್ ಸುತ್ತುವ ವೇಗದ ಗರಿಷ್ಠ ಮಿತಿಗೆ) ಮತ್ತೆ ಮತ್ತೆ ಹೊಡೆಸಿದರೆ ಅದು ಬಿಚ್ಚಿಕೊಳ್ಳುತ್ತದೆ, ಪಂಪು ನಿಲ್ಲುತ್ತದೆ, ಬೇರಿಂಗ್ ಹೋಗುತ್ತದೆ. ಯಾವ ಕಾರಣಕ್ಕಾದರೂ ಆಯಿಲ್ ಪ್ಯಾನ್ ಇಳಿಸಿದರೆ ಆ ನಟ್ಟಿಗೆ ತಂತಿ ಕಟ್ಟಿಸಿಬಿಡಿ. ಅದು ಎಡಗೈ ಥ್ರೆಡ್ಡು, ಮಾಮೂಲಿ ದಿಕ್ಕಿಗೆ ತಿರುಗಿಸಿ ಶಾಫ್ಟ್ ಕೆಡಿಸಬೇಡಿ. ಇದಕ್ಕೆಂದೇ ಈಗ ಪ್ಯಾನ್ ಬಿಚ್ಚಿಸುವುದು ಬೇಡ, ಲಿಮಿಟರ್ ಮೇಲೆ ನಿಲ್ಲಿಸದಿದ್ದರೆ ಸಾಕು.

ಕ್ಲಚ್ ಪೈಪಿನಲ್ಲಿ ಡಿಲೇ ವಾಲ್ವ್ ಎಂಬ ಪುಟ್ಟ ಅಡೆತಡೆ ಇರುತ್ತದೆ. ಪೆಡಲ್ ಬಿಟ್ಟರೂ ಕ್ಲಚ್ ತಡವಾಗಿ ಹಿಡಿಯುವುದು ಅದರಿಂದ. ಅದನ್ನು ತೆಗೆದು ಬ್ಲೀಡ್ ಮಾಡಿ, ಕ್ಲಚ್ ಕಿಕ್ (ಹಿಂಬದಿ ಜಾರಿಸಲು ಕ್ಲಚ್ ಒತ್ತಿ ಫಟ್ಟನೆ ಬಿಡುವುದು) ತಕ್ಷಣ ಸಿಗುತ್ತದೆ. ಗೇರ್‌ಬಾಕ್ಸ್ ಮತ್ತು ಎಂಜಿನ್ ಮೌಂಟ್ ರಬ್ಬರೂ ಬದಲಾಗಲಿ. ಸಡಿಲ ಮೌಂಟ್ ಇದ್ದರೆ ಜಾರುವಾಗ ಗೇರು ದಾರಿ ತಪ್ಪುತ್ತದೆ. ಮೂರರಿಂದ ನಾಲ್ಕಕ್ಕೆ ಹೋಗಬೇಕಾದ್ದು ಎರಡಕ್ಕೆ ಬಿದ್ದರೆ ಎಂಜಿನ್ ಕಥೆ ಮುಗಿಯಿತು.

ವೆಲ್ಡಿಂಗ್ ಕೆಲಸದವರು

ಸಬ್‌ಫ್ರೇಮ್ ಇಳಿಸಿ ನಾಲ್ಕೂ ಮೌಂಟಿಗೆ ರೀಇನ್‌ಫೋರ್ಸ್‌ಮೆಂಟ್ ಪ್ಲೇಟ್ ಹಾಕಿಸುವುದು ಡಿಫ್ ವೆಲ್ಡ್ ಮಾಡಿಸುವ ದಿನವೇ ಆಗಲಿ, ಎರಡು ಸಲ ಬಿಚ್ಚುವುದು ತಪ್ಪುತ್ತದೆ. ಬಿರುಕಿದ್ದರೆ ಮೊದಲು ಅದರ ಎರಡೂ ತುದಿಯಲ್ಲಿ ಸಣ್ಣ ತೂತು ಕೊರೆದು, ಬೆಸೆದು, ಆಮೇಲೆ ಪ್ಲೇಟು. ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇದೆ. ಹಿಂಬದಿ ಸೀಟು, ಕಾರ್ಪೆಟ್ ತೆಗೆಸಿ, ಬ್ಯಾಟರಿ ಕಳಚಿ, ಒಬ್ಬರು ಎಕ್ಸ್‌ಟಿಂಗ್ವಿಷರ್ ಹಿಡಿದು ಪಕ್ಕದಲ್ಲೇ ನಿಂತಿರಲಿ. ಈ ಕೆಲಸ ಹೊಸಬರು ಕಲಿಯುವ ಜಾಗವಲ್ಲ, ಗೊತ್ತಿರುವವರ ಕೈಗೆ ಕೊಡಿ.

ಡಿಫ್ ಬಗ್ಗೆ. ಓಪನ್ ಡಿಫ್‌ನಲ್ಲಿ ಒಳಗಿನ ಚಕ್ರ ಸುಮ್ಮನೆ ಸುತ್ತುತ್ತದೆ, ಜಾರಿಕೆ ಅರ್ಧಕ್ಕೇ ಸಾಯುತ್ತದೆ. ಕಡಿಮೆ ಖರ್ಚಿನ ದಾರಿ ವೆಲ್ಡ್. ಆಯಿಲ್ ಬಸಿದು, ಹಿಂದಿನ ಕವರ್ ತೆಗೆದು, ಸ್ಪೈಡರ್ ಗೇರುಗಳನ್ನು ಬ್ರೇಕ್ ಕ್ಲೀನರ್‌ನಲ್ಲಿ ಎಣ್ಣೆಯ ವಾಸನೆ ಹೋಗುವಷ್ಟು ಸಲ ತೊಳೆಯಿರಿ, ಪೂರ್ತಿ ಒಣಗಲಿ. ಒದ್ದೆ ಇರುವಾಗ ಬೆಸೆದರೆ ವಿಷದ ಹೊಗೆ. ಗೇರನ್ನು ಮೊದಲು ಬಿಸಿ ಮಾಡಿ, ಗೇರಿಂದ ಗೇರಿಗೆ, ಗೇರಿಂದ ಕ್ಯಾರಿಯರ್‌ಗೆ ಆಳವಾಗಿ ಬೆಸೆದು, ನಿಧಾನ ತಣಿಯಲು ಬಿಡಿ, ನೀರು ಸೋಕಿಸಬೇಡಿ. ಎಣ್ಣೆ ಉಳಿದ ಜಾಗದ ವೆಲ್ಡ್ ಸೀಳುತ್ತದೆ, ಕಳಚಿದ ಚೂರು ಹಲ್ಲುಗಳ ನಡುವೆ ಸಿಕ್ಕಿ ಕೇಸನ್ನೇ ಒಡೆಯುತ್ತದೆ. ಬೆಸೆಯುವಾಗ ಸಿಡಿದ ಕಿಡಿ ಬೇರಿಂಗ್‌ಗೆ ಬೀಳದಂತೆ ಒದ್ದೆ ಬಟ್ಟೆ ಮುಚ್ಚಿ. ಇ36 ಆದರೆ ಸ್ಪೀಡೋಮೀಟರಿನ ಸೆನ್ಸರ್ ಡಿಫ್ ಕವರ್‌ನಲ್ಲೇ ಇರುತ್ತದೆ, ಮೊದಲು ಬಿಚ್ಚಿಡಿ. ಕೊನೆಗೆ ಫಿಲ್ಲರ್ ತೂತಿನಿಂದ ತುಳುಕುವವರೆಗೆ 75ಡಬ್ಲ್ಯು-140 ಆಯಿಲ್. ಮೊದಲ ಸಲ ಓಡಿಸಿ ಬಂದ ಮೇಲೆ ಬಸಿದು, ಲೋಹದ ಪುಡಿ ಎಷ್ಟಿದೆ ನೋಡಿ ಬದಲಾಯಿಸಿ.

ವೆಲ್ಡ್ ಮಾಡಿದ ಮೇಲೆ ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಹಿಂದಿನ ಟಯರು ಕುಣಿಯುತ್ತದೆ, ಕಿರುಚುತ್ತದೆ. ಅದು ಸಹಜ. ಒದ್ದೆ ರಸ್ತೆಯಲ್ಲಿ ಹಿಂಬದಿ ಹಠಾತ್ತಾಗಿ ಸರಿಯುವುದೂ ಸಹಜ, ಹಾಗಾಗಿ ದಿನನಿತ್ಯ ಆಫೀಸಿಗೆ ಹೋಗುವ ಗಾಡಿಗೆ ಇದು ಬೇಡ.

ಸಸ್ಪೆನ್ಷನ್, ಅಲೈನ್‌ಮೆಂಟ್ ಗೊತ್ತಿರುವವರು

ಕಾಯಿಲ್‌ಓವರ್‌ಗಿಂತ ಮೊದಲು ಬುಷ್. ಮುಂದಿನ ಕಂಟ್ರೋಲ್ ಆರ್ಮ್ ಬುಷ್, ಹಿಂದಿನ ಟ್ರೇಲಿಂಗ್ ಆರ್ಮ್ ಬುಷ್ ಎರಡೂ ಪಾಲಿಯುರೇಥೇನ್. ಟ್ರೇಲಿಂಗ್ ಆರ್ಮಿನ ಬ್ರ್ಯಾಕೆಟ್ ಬಾಡಿಗೆ ಕೂರುವ ಜಾಗವೇ ಹಿಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವುದು) ನಿರ್ಧರಿಸುತ್ತದೆ. ಬಿಚ್ಚುವ ಮುಂಚೆ ಮಾರ್ಕರ್‌ನಿಂದ ಗೆರೆ ಎಳೆದುಕೊಳ್ಳಿ. ಹಿಂದಿನ ಶಾಕ್‌ನ ಮೇಲಿನ ಮೌಂಟ್ ಹರಿದು ಶಾಕ್ ಮೇಲೆ ನುಗ್ಗುವುದುಂಟು, ಬಲಪಡಿಸಿದ ಮೌಂಟ್ ಹಾಕಿ ಮೇಲೆ ಪ್ಲೇಟ್ ಇಡಿ.

ಅಲೈನ್‌ಮೆಂಟ್ ಅಂಗಡಿಯವರಿಗೆ ಹೀಗೆ ಬರೆದು ಕೊಡಿ: ಮುಂದೆ ಕ್ಯಾಂಬರ್ (ಚಕ್ರದ ಮೇಲ್ತುದಿಯ ವಾಲಿಕೆ, ಮೈನಸ್ ಅಂದರೆ ಒಳಕ್ಕೆ) ಮೈನಸ್ 3 ಡಿಗ್ರಿ, ಟೋ ಸೊನ್ನೆ ಅಥವಾ ಒಂದೆರಡು ಮಿ.ಮೀ. ಔಟ್. ಹಿಂದೆ ಕ್ಯಾಂಬರ್ ಮೈನಸ್ 1ರ ಆಸುಪಾಸು, ಟೋ ಸೊನ್ನೆಯಿಂದ ಚೂರು ಇನ್. ಹಿಂಬದಿ ತುಂಬ ತಗ್ಗಿಸಿದರೆ ಈ ಗಾಡಿಯ ಕ್ಯಾಂಬರ್ ತಾನಾಗಿಯೇ ಮೈನಸ್ 2.5ರತ್ತ ಓಡುತ್ತದೆ, ಟಯರಿನ ಒಳ ಅಂಚು ಮಾತ್ರ ತಿಂದುಹೋಗುತ್ತದೆ. ತಗ್ಗಿಸುವ ಮೋಹ ಬಿಡಿ.

ಟಯರಿಗೆ ಬಂದರೆ, ಮುಂದೆ ಒಳ್ಳೆಯ ಹಿಡಿತದ 225/45 ಆರ್17, ಹಿಂದೆ ಕಂಪನಿಯದೇ 205/55 ಆರ್16 ಅಗ್ಗದ್ದು. ಎರಡರ ವ್ಯಾಸ ಹೆಚ್ಚೂಕಡಿಮೆ ಒಂದೇ. ಈ ಗಾಡಿಗೆ ಇರುವುದು 184 ಹೆಚ್‌ಪಿ, ಹಿಂದೆ ಅಗಲದ ಅಂಟು ಟಯರು ಹಾಕಿದರೆ ಜಾರುವುದೇ ಇಲ್ಲ. ಹಿಂದೆ 40ರಿಂದ 45 ಪಿಎಸ್‌ಐ, ಮುಂದೆ 32. ಹಿಂದಿನ ಸೈಜಿನದೇ ಹೆಚ್ಚುವರಿ ಚಕ್ರ ನಾಲ್ಕಾದರೂ ಜೊತೆಗಿರಲಿ. ರಂಧ್ರ ವಿನ್ಯಾಸ 5x120, ಬೋಲ್ಟು 120 ನ್ಯೂಟನ್ ಮೀಟರ್. ಮುಂದೆ 15 ಮಿ.ಮೀ. ಸ್ಪೇಸರ್ ಹಾಕಿದರೆ ಬೋಲ್ಟಿನ ಉದ್ದವೂ ಅಷ್ಟೇ ಹೆಚ್ಚಬೇಕು, ಇದನ್ನು ಮರೆಯುವವರು ಬಹಳ.

ಡ್ರಿಫ್ಟ್ ಹೇಳಿಕೊಡುವವರು

ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಈಗ ಬೇಡವೇ ಬೇಡ. ಇ46ನಲ್ಲಿ ಹಿಂದಿನ ಡಿಸ್ಕಿನ ಒಳಗೇ ಪುಟ್ಟ ಡ್ರಮ್ ಇದೆ. ಶೂ ಹೊಸದು ಹಾಕಿ, ಚಕ್ರದ ಬೋಲ್ಟಿನ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ ಅಡ್ಜಸ್ಟರ್ ಹಲ್ಲು ತಿರುಗಿಸಿ, ಕೇಬಲ್ ಬಿಗಿ ಮಾಡಿ. ಆಂಗಲ್ ಕಿಟ್ ಕೂಡ ಹಾಗೆಯೇ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಗಾಡಿ ಸುತ್ತಿಹೋಗುತ್ತಿದ್ದರೆ ಅದು ಕಾಲಿನ ದೋಷ, ಆಂಗಲ್ಲಿನದಲ್ಲ. ಡಿಫ್ ವಿಷಯದಲ್ಲಿ ಮೇಲಿನವರ ಜೊತೆ ಚೂರು ಭಿನ್ನಾಭಿಪ್ರಾಯವಿದೆ: ನೀರು ಹಾಯಿಸಿದ ಸ್ಕಿಡ್‌ಪ್ಯಾಡ್‌ನಲ್ಲಿ (ಜಾರಿಸಿ ಅಭ್ಯಾಸ ಮಾಡುವ ಬಯಲಿನಲ್ಲಿ) ಓಪನ್ ಡಿಫ್‌ನಲ್ಲೇ ಡೋನಟ್, ಅಂದರೆ ಜಾರುತ್ತಾ ವೃತ್ತ ಸುತ್ತುವುದನ್ನು ಕಲಿಯಬಹುದು. ಎಂಟರ ಆಕಾರಕ್ಕೆ ಬಂದಾಗ ಮಾತ್ರ ವೆಲ್ಡ್ ಅನಿವಾರ್ಯ.

ಡಿಎಸ್‌ಸಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಲು ಅದರ ಗುಂಡಿ ಒತ್ತಿ ಕೆಲವು ಸೆಕೆಂಡು ಹಿಡಿಯಿರಿ. ಆದರೂ ಪವರ್ ಕತ್ತರಿಸುತ್ತಿದ್ದರೆ ಮುಂದಿನ ಚಕ್ರದ ಸ್ಪೀಡ್ ಸೆನ್ಸರ್ ಒಂದನ್ನು ಕಳಚಿ. ಎಬಿಎಸ್ಸೂ ಹೋಗುತ್ತದೆ ಎಂಬುದು ನೆನಪಿರಲಿ. ಮೊದಮೊದಲು ಎರಡನೇ ಗೇರು ಸಾಕು, ಲಿಮಿಟರ್ ಹೊತ್ತಿಗೆ ಚಕ್ರದ ವೇಗ ಹತ್ತಿರ ಹತ್ತಿರ 100 ಕಿ.ಮೀ. ಇರುತ್ತದೆ.

ಒಳಗೆ ಗಟ್ಟಿ ಬಕೆಟ್ ಸೀಟು ಚಾಲಕನಿಗೆ. ಕಂಪನಿ ಸೀಟಿನಲ್ಲಿ ದೇಹ ಜಾರುತ್ತಾ ಸ್ಟೇರಿಂಗ್ ಹಿಡಿದು ನೇತಾಡುವಂತಾಗುತ್ತದೆ, ಗಾಡಿ ಹೇಳುವುದು ಬೆನ್ನಿಗೆ ತಲುಪುವುದಿಲ್ಲ. ರೋಲ್ ಬಾರ್ ಇಲ್ಲದೆ ನಾಲ್ಕು, ಆರು ಪಾಯಿಂಟ್ ಹಾರ್ನೆಸ್ ಬೇಡ: ಗಾಡಿ ಮಗುಚಿ ಛಾವಣಿ ಕುಸಿದರೆ ದೇಹ ಬಾಗಲು ಜಾಗವೇ ಇರುವುದಿಲ್ಲ. ಕಂಪನಿ ಬೆಲ್ಟೇ ಇರಲಿ. ಹೆಲ್ಮೆಟ್ ಸ್ನೆಲ್ ಎಸ್‌ಎ (ಕಾರ್ ರೇಸಿಂಗ್ ಹೆಲ್ಮೆಟ್ಟಿನ ಸುರಕ್ಷತಾ ಪ್ರಮಾಣ) ಗುರುತಿನದು ಕೊಳ್ಳಿ.

ಬೆಂಗಳೂರಿನಿಂದ ಒಬ್ಬರು ಕೇಳಿದ್ದು: ಇಲ್ಲಿ ಹಳೇ ಹಿಂದೂಸ್ತಾನ್ ಕಾಂಟೆಸ್ಸಾ ಅಥವಾ ಪ್ರೀಮಿಯರ್ 118ಎನ್‌ಇ ಕಾರು ತಗೊಂಡು ಇದನ್ನೇ ಮಾಡಬಹುದೇ?

ಮೊದಲು ಉತ್ತರಿಸಿದವರು: ಎರಡೂ ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಗಳೇ ಹೌದು, ಆದರೆ ಶಕ್ತಿ ಸಾಲದು, ಬಿಡಿಭಾಗ ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ. ಚೆನ್ನಾಗಿ ಉಳಿದ ಕಾಂಟೆಸ್ಸಾ ಕತ್ತರಿಸುವುದು ಪಾಪ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಬದಲಿಸಿದ ಗಾಡಿಯನ್ನು ಟ್ರೇಲರ್ ಮೇಲೆ, ಸಾರ್ವಜನಿಕ ಓಡಾಟವಿಲ್ಲದ ಟ್ರ್ಯಾಕಿಗೆ ಮಾತ್ರ ಒಯ್ಯಿರಿ, ಹೊರವರ್ತುಲ ರಸ್ತೆಗಲ್ಲ.

ಡ್ರಿಫ್ಟ್ ಹೇಳಿಕೊಡುವವರು, ಮತ್ತೆ

ಎಡಿಸನ್‌ನವರಿಗೆ ಒಂದು ಮಾತು ಬಿಟ್ಟಿದ್ದೆ. ಇ46ನ ಬ್ಯಾಟರಿ ಡಿಕ್ಕಿಯಲ್ಲಿದೆ, ಅದರ ಹಿಡಿಕೆ ಅಲ್ಲಾಡದಂತೆ ಬಿಗಿಯಿರಿ; ಡಿಕ್ಕಿಯಲ್ಲಿ ಬೇರೇನೂ ಸಡಿಲವಾಗಿರಬಾರದು. ಸ್ಟೇರಿಂಗ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಎಟಿಎಫ್ ಅಥವಾ ಸಿಎಚ್‌ಎಫ್ ಎಂದು ಬರೆದಿರುತ್ತದೆ, ಅದನ್ನೇ ಹಾಕಿ, ಅಂಚಿನವರೆಗೆ ತುಂಬಬೇಡಿ. ಬಿಸಿಯಾದಾಗ ಉಕ್ಕಿ ಎಕ್ಸಾಸ್ಟ್ ಮೇಲೆ ಸುರಿದರೆ ಬೆಂಕಿ. ಪ್ರತಿ ಸುತ್ತಿನ ಬಳಿಕ ಎಂಜಿನ್ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ, ಬೋಲ್ಟುಗಳಿಗೆ ಟಾರ್ಕ್ ರೆಂಚ್ ಹಿಡಿಯಿರಿ. ಮನೆಗೆ ಬಂದ ಮೇಲೆ ಮತ್ತೆ ಎತ್ತಿ, ಸಬ್‌ಫ್ರೇಮ್ ಪ್ಲೇಟಿನ ಅಂಚು, ಸ್ಟೇರಿಂಗಿನ ಟೈರಾಡ್ ತುದಿ, ಪ್ರೊಪೆಲ್ಲರ್ ಶಾಫ್ಟಿನ ಕಪ್ಲಿಂಗ್ ರಬ್ಬರ್ ಈ ಮೂರನ್ನೂ ನೋಡಿಯೇ ಮುಂದಿನ ದಿನಕ್ಕೆ ಹೆಸರು ಕೊಡಿ.