ಬೆಟ್ಟದ ಮೇಲಿನ ಸರೋವರಕ್ಕೆ ಚಾರಣ: ದಿನಾ ಓಡಿದರೆ ಸಾಕಾ?

ಪ್ರಶ್ನೆ: ಸರ್, ಇನ್ನೆರಡು ತಿಂಗಳಲ್ಲಿ ನಾಲ್ಕು ದಿನದ ಚಾರಣಕ್ಕೆ ಹೊರಟಿದ್ದೇವೆ. ಸರೋವರ ಇರುವುದು 3,600 ಮೀಟರ್ ಎತ್ತರದಲ್ಲಿ. ಟೆಂಟು, ಅಡುಗೆ ಸಾಮಾನು ಎಲ್ಲ ನಾವೇ ಹೊರಬೇಕು. ನಾನು ದಿನಾ 5 ಕಿಲೋಮೀಟರ್ ಓಡುತ್ತೇನೆ. ಅಷ್ಟು ಸಾಕಲ್ವಾ?

ಚಾರಣ ಮಾರ್ಗದರ್ಶಿಯ ಉತ್ತರ: ಓಡುವುದನ್ನು ಬಿಡಬೇಡಿ, ದಮ್ಮು ಹೆಚ್ಚುತ್ತದೆ. ಆದರೆ ಅದೊಂದೇ ಸಾಲದು. ನಾನು ನೋಡಿರುವ ಹಾಗೆ, ಹತ್ತುವಾಗ ಚೆನ್ನಾಗಿದ್ದವರೂ ಭಾರ ಹೊತ್ತು ಇಳಿಯುವಾಗ ಸೋಲುತ್ತಾರೆ. ಇಳಿಯುವಾಗ ಪ್ರತಿ ಹೆಜ್ಜೆಗೂ ನಿಮ್ಮ ತೂಕ, ಬ್ಯಾಗಿನ ತೂಕ ಎರಡನ್ನೂ ತಡೆದು ಹಿಡಿಯುವುದು ತೊಡೆಯ ಮುಂಭಾಗದ ಸ್ನಾಯು. ಅದಕ್ಕೆ ರೂಢಿ ಇಲ್ಲದಿದ್ದರೆ ಮರುದಿನ ಕೂತವರಿಗೆ ಏಳೋಕಾಗಲ್ಲ. ಹಾಗಾಗಿ ವಾರಕ್ಕೆ ಮೂರು ದಿನ ಬ್ಯಾಗ್ ಹಾಕಿಕೊಂಡು ಮೆಟ್ಟಿಲು ಹತ್ತಿ. ಇಳಿಯುವಾಗಲೂ ಮೆಟ್ಟಿಲೇ, ಲಿಫ್ಟ್ ಬೇಡ. ಮೊದಲು 4–5 ಕಿಲೋ ಸಾಕು. ಆಮೇಲೆ ನಿಧಾನಕ್ಕೆ ಏರಿಸಿ. ಚಾರಣದ ದಿನವೂ ಬ್ಯಾಗು ಮೈತೂಕದ ಐದನೇ ಒಂದು ಭಾಗ ದಾಟದಿರಲಿ. ಕೊನೆಯ ವಾರ ಕಾಲಿಗೆ ಬಿಡುವು ಕೊಡಿ.

ಶೂ ಕೊಳ್ಳುವಾಗ ಲೇಸ್ ಬಿಗಿದು ಇಳಿಜಾರಿನಲ್ಲಿ ನಿಂತು ನೋಡಿ. ಹೆಬ್ಬೆರಳು ಮುಂದಕ್ಕೆ ತಾಗಿದರೆ ಆ ಸೈಜ್ ಬೇಡವೇ ಬೇಡ. ಗಂಟೆಗಟ್ಟಲೆ ಹಾಗೇ ತಾಗಿ ಉಗುರು ಕಪ್ಪಾಗುತ್ತದೆ. ಅಭ್ಯಾಸವನ್ನೂ ಅದೇ ಶೂನಲ್ಲಿ ಮಾಡಿ.

ಮತ್ತೊಬ್ಬರ ಪ್ರಶ್ನೆ: ಮೈ ಗಟ್ಟಿಯಿದ್ದರೆ ಎತ್ತರದಿಂದ ತೊಂದರೆ ಆಗಲ್ಲ ಅಲ್ವಾ ಸರ್?

ಉತ್ತರ: ಆಗುತ್ತದೆ ಮೇಡಂ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಆಗಬಹುದು. ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿಬಿಡುತ್ತಾರೆ, ಅಪಾಯ ಅಲ್ಲೇ ಇರುವುದು. 3,000 ಮೀಟರ್ ಆದಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆಯದು 500 ಮೀಟರಿಗಿಂತ ಜಾಸ್ತಿ ಮೇಲಿರಬಾರದು. ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ. ಯಾರಾದರೂ ನಡೆಯುವಾಗ ತೂರಾಡಿದರೆ, ಸುಮ್ನೆ ಕೂತಾಗಲೂ ಏದುಸಿರು ಬಿಟ್ಟರೆ, ಬೆಳಗಾಗಲಿ ಅಂತ ಕಾಯಬೇಡಿ. ಜೊತೆಯಲ್ಲೊಬ್ಬರಿದ್ದು ತಕ್ಷಣ ಕೆಳಗಿಳಿಸಿ. ಎತ್ತರದ ತೊಂದರೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ಅಂತ ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಮೊದಲು ಕೇಳಿದವರು: ಧನ್ಯವಾದ ಸರ್. ಟೆಂಟು ನೀರಿನ ಪಕ್ಕದಲ್ಲೇ ಹಾಕಬಹುದಾ?

ಉತ್ತರ: ಬೇಡ. ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ಸರೋವರದ ತಗ್ಗಿನಲ್ಲೇ ನಿಲ್ಲುತ್ತದೆ. ನೀರಿನಿಂದ 60 ಮೀಟರಾದರೂ ದೂರ, ಸ್ವಲ್ಪ ದಿಬ್ಬದ ಮೇಲೆ ಹಾಕಿ. ನೀರೂ ಕೆಡುವುದಿಲ್ಲ. ಎಷ್ಟೇ ತಿಳಿಯಾಗಿ ಕಂಡರೂ ಕುಡಿಯುವ ನೀರನ್ನು ಕುದಿ ಬಂದ ಮೇಲೆ 3 ನಿಮಿಷ ಕುದಿಸಿ. ಆ ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅದಕ್ಕೇ ಇಷ್ಟು ಹೊತ್ತು. ಗ್ಯಾಸ್ ಎಷ್ಟು ಬೇಕು ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.