ಆರು ವಾರಕ್ಕೆ ಟ್ರ್ಯಾಕ್‌ಗೆ? ಹೆಬ್ಬಾಳ ಗುಂಪಲ್ಲಿ ಲೇಸರ್ ಜಗಳ

ಗುಂಪು: ಹೆಬ್ಬಾಳ ಹಳೇ ಬ್ಯಾಚು (ಪಶುವೈದ್ಯ ಕಾಲೇಜಿನ ಹಳೇ ವಿದ್ಯಾರ್ಥಿಗಳು)

ರಮೇಶ್, 7:42
(ಫಾರ್ವರ್ಡ್ ಆದ ಚಿತ್ರ) "ಚಾಕು ಬೇಡ, ಸೂಜಿ ಬೇಡ! ಕ್ಲಾಸ್ 4 ಲೇಸರ್ + ಮ್ಯಾಗ್ನೆಟ್ ಬೂಟ್ + ಶಾಕ್‌ವೇವ್. ಕುದುರೆಯ ಟೆಂಡನ್ ಗಾಯ 6 ವಾರದಲ್ಲಿ ವಾಸಿ. ದಿನಕ್ಕೆ 10 ನಿಮಿಷ ಸಾಕು. ಲಾಯಕ್ಕೇ ಬರುತ್ತೇವೆ."

ರಮೇಶ್, 7:44
ರೈಡಿಂಗ್ ಶಾಲೆಯೋರು ಕಳಿಸಿದ್ದು. 9 ವರ್ಷದ ಹೆಣ್ಣು ಕುದುರೆ, ಎಡ ಮುಂಗಾಲು, ಸೂಪರ್‌ಫಿಶಿಯಲ್ ಫ್ಲೆಕ್ಸರ್, ಅಂದ್ರೆ ಕಾಲಿನ ಹಿಂದೆ ಚರ್ಮಕ್ಕೆ ಹತ್ತಿರದ ಟೆಂಡನ್ (ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ). ಇವತ್ತಿಗೆ 4ನೇ ದಿನ. ಪ್ಯಾಕೇಜ್ ಶುರು ಮಾಡ್ಸೋಣ ಅಂತಿದೀನಿ. ಯಾರದಾದ್ರೂ ತಕರಾರಿದ್ಯಾ?

ಸುಜಾತಾ, 7:51
ಇದೆ. 6 ವಾರ ಅನ್ನೋದೇ ಮೊದಲನೇ ತಕರಾರು. ಉರಿಯೂತ ಒಂದೆರಡು ವಾರ. ಆಮೇಲೆ ಹೊಸ ಕೊಲಾಜೆನ್ ನಾರು ತುಂಬಿಕೊಳ್ಳೋದು ವಾರಗಟ್ಟಲೆ, ಅದೂ ಬಲ ಕಮ್ಮಿಯ ಟೈಪ್ 3, ದಿಕ್ಕಿಲ್ಲದೆ ಅಡ್ಡಾದಿಡ್ಡಿ. ಅದು ಟೈಪ್ 1 ಆಗಿ ಎಳೆ ಸಾಲಾಗಿ ಕೂರೋಕೆ ತಿಂಗಳುಗಟ್ಟಲೆ, ಕೆಲವಕ್ಕೆ ಒಂದೂವರೆ ವರ್ಷ. 6ನೇ ವಾರದಲ್ಲಿ ಊತ ಇಳಿದಿರುತ್ತೆ, ಕುಂಟಲ್ಲ, ಒತ್ತಿದ್ರೂ ಕಾಲು ಎಳೀಯಲ್ಲ. ನೋಡೋರಿಗೆ ವಾಸಿ. ಅವತ್ತು ಕ್ಯಾಂಟರ್ (ಹದವಾದ ನೆಗೆತದ ಓಟ) ಮಾಡ್ಸಿದ್ರೆ ಅದೇ ಜಾಗ ಮೊದಲಿಗಿಂತ ಉದ್ದ ಹರಿಯುತ್ತೆ.

ಪ್ರಕಾಶ್, 7:53
ಬೆಳಿಗ್ಗೆ ಬೆಳಿಗ್ಗೆ ಸರ್ಜರಿ ಕ್ಲಾಸು. ಕಾಫಿ ಕುಡೀರಪ್ಪ ಮೊದ್ಲು.

ರಮೇಶ್, 7:58
ಜಾಹೀರಾತಿನ 6 ವಾರ ನಾನೂ ನಂಬಲ್ಲ ಕಣೇ. ಆದ್ರೆ ಲೇಸರ್ ಅನ್ನೋದನ್ನೇ ಮೂಢನಂಬಿಕೆ ಥರ ನೋಡ್ಬೇಡ. ಈ ಟೆಂಡನ್ ಇರೋದು ಚರ್ಮದ ಕೆಳಗೇ. 808 ನ್ಯಾನೋಮೀಟರ್ ಸುಮಾರಿನ ತರಂಗಾಂತರ ಅಲ್ಲಿಗೆ ತಲುಪೋದ್ರಲ್ಲಿ ಅನುಮಾನ ಇಲ್ಲ. ಸೊಂಟಕ್ಕೋ ಸ್ಟೈಫಲ್‌ಗೋ (ಹಿಂಗಾಲ ಮಂಡಿ) ಹಾಕ್ತೀನಿ ಅಂದಿದ್ರೆ ನಿನ್ನ ವಾದ ಒಪ್ತಿದ್ದೆ.

ಸುಜಾತಾ, 8:06
ತಲುಪುತ್ತೆ. ಎಷ್ಟು ತಲುಪುತ್ತೆ ಅನ್ನೋದು ಪ್ರಶ್ನೆ. "ದಿನಕ್ಕೆ 10 ನಿಮಿಷ" ಅನ್ನೋದು ಡೋಸ್ ಅಲ್ಲ. ಲೆಕ್ಕ ಹಾಕು: ಗಾಯದ ಜಾಗ 10 ಸೆಂ.ಮೀ. ಉದ್ದ, 3 ಅಗಲ, ಅಂದ್ರೆ 30 ಚದರ ಸೆಂ.ಮೀ. ಕ್ಲಾಸ್ 3ಬಿ, 500 ಮಿಲಿವ್ಯಾಟ್ ಮೆಷಿನ್ 10 ನಿಮಿಷಕ್ಕೆ ಕೊಡೋದು 300 ಜೂಲ್, ಚದರ ಸೆಂ.ಮೀ.ಗೆ 10. ಕ್ಲಾಸ್ 4ರದ್ದು 10 ವ್ಯಾಟ್ ಮೆಷಿನ್ ಅದೇ 10 ನಿಮಿಷಕ್ಕೆ 6000 ಜೂಲ್, ಚದರ ಸೆಂ.ಮೀ.ಗೆ 200. ಇಪ್ಪತ್ತು ಪಟ್ಟು ವ್ಯತ್ಯಾಸ, ಎರಡಕ್ಕೂ ಪಾಂಪ್ಲೆಟ್ಟಲ್ಲಿ ಒಂದೇ ಸಾಲು. ಕುದುರೆ ಬಣ್ಣ ಯಾವುದು?

ರಮೇಶ್, 8:07
ಕಡು ಕಂದು. ಕೆಳಗಾಲು ಪೂರ್ತಿ ಕಪ್ಪು.

ಸುಜಾತಾ, 8:09
ಮುಗೀತಲ್ಲ. ಕಪ್ಪು ಕೂದಲು, ಕಪ್ಪು ಚರ್ಮ ಬೆಳಕನ್ನ ಮೇಲೇ ಹೀರಿ ಶಾಖ ಮಾಡುತ್ತೆ. ಕೂದಲು ಕ್ಲಿಪ್ ಮಾಡದೆ, ಲೇಸರ್ ತಲೆ ಒಂದೇ ಕಡೆ ಹಿಡಿದ್ರೆ ಸುಡುತ್ತೆ. ಟೆಂಡನ್‌ಗೆ ಹೋಗೋದು ಚೂರುಪಾರು.

ಇರ್ಫಾನ್ (ದುಬೈ), 8:20
ರಮೇಶಾ, ಮಾಡೋದೇ ಆದ್ರೆ ಹೀಗೆ ಮಾಡು. ಆ ಕಾಲಿನ ಹಿಂಭಾಗ ಪೂರ್ತಿ ಕ್ಲಿಪ್, ಮಣ್ಣು ಎಣ್ಣೆ ಇಲ್ಲದ ಹಾಗೆ ತೊಳೆದು ಒಣಗಿಸು. ಯಾವ ಮುಲಾಮೂ ಇರಕೂಡದು. ಹೈ ಪವರ್ ಇದ್ರೆ ತಲೆಯನ್ನ ನಿಲ್ಲಿಸದೆ ಆಡಿಸ್ತಾ ಇರು, ಇನ್ನೊಂದು ಕೈ ಚರ್ಮದ ಮೇಲಿರ್ಲಿ, ನಿನ್ನ ಕೈಗೆ ಬಿಸಿ ಅನ್ನಿಸಿದ್ರೆ ನಿಲ್ಲಿಸು. ನಿನಗೂ ಸಯೀಸ್‌ಗೂ (ಕುದುರೆ ನೋಡ್ಕೊಳ್ಳೋನು) ಆ ತರಂಗಾಂತರದ್ದೇ ಕನ್ನಡಕ, ಕುದುರೆ ಕಣ್ಣಿಗೂ ಮರೆ. ಪ್ರತಿ ಸಲ ವ್ಯಾಟ್, ಸೆಕೆಂಡ್, ಜಾಗ ಬರೆದಿಡು. ಬರೆಯದಿದ್ರೆ ಮುಂದಿನ ವಾರ ಏನು ಬದಲಾಯಿಸ್ತೀಯ?

ಕಾವ್ಯಾ, 8:24
ಸರ್, ಮ್ಯಾಗ್ನೆಟ್ ಬೂಟ್ ಮತ್ತೆ ಪಲ್ಸ್ ಮ್ಯಾಗ್ನೆಟಿಕ್ ಎರಡೂ ಒಂದೇನಾ? ಮಾಲೀಕರು ಒಂದೇ ಅಂತಾರೆ.

ಇರ್ಫಾನ್ (ದುಬೈ), 8:29
ಅಲ್ಲಮ್ಮ. ಬೂಟಿನಲ್ಲಿರೋದು ಸ್ಥಿರ ಅಯಸ್ಕಾಂತ. ಕ್ಷೇತ್ರ ಬದಲಾಗದಿದ್ರೆ ನಿಂತಿರೋ ಅಂಗಾಂಶದಲ್ಲಿ ವಿದ್ಯುತ್ ಪ್ರೇರಣೆ ಆಗಲ್ಲ, ಪಿಯುಸಿ ಫಿಸಿಕ್ಸು. ಪಲ್ಸ್ ಮೆಷಿನ್‌ನಲ್ಲಿ ಕ್ಷೇತ್ರ ಏರಿಳಿಯುತ್ತೆ. ಮನುಷ್ಯರಲ್ಲಿ ಮುರಿದು ಕೂಡಿಕೊಳ್ಳದ ಮೂಳೆಗೆ ಅಮೆರಿಕದಲ್ಲಿ 1979ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದ್ರೆ ಅದು ಮೂಳೆಗೆ. ಆ ಒಪ್ಪಿಗೆ ತೋರಿಸಿ ಕುದುರೆ ಟೆಂಡನ್‌ಗೆ ಬೂಟ್ ಮಾರೋದು ಬೇರೆ ಕಸುಬು.

ರಮೇಶ್, 8:33
ಬೂಟ್ ಬಿಟ್ಟೆ. ಶಾಕ್‌ವೇವ್ (ಒತ್ತಡದ ಅಲೆ ಹಾಯಿಸೋದು) ಬಗ್ಗೆ ಏನಂತೀರಿ? ಸಸ್ಪೆನ್ಸರಿ (ಕೆಳಗಾಲ ಮೂಳೆಯ ಹಿಂದಿನ ಲಿಗಮೆಂಟ್) ಮೇಲ್ಭಾಗದ ನೋವಿಗೆ ಎಲ್ಲಾ ಕಡೆ ಮಾಡ್ತಾರೆ.

ಸುಜಾತಾ, 8:41
ಸಸ್ಪೆನ್ಸರಿಗೆ ನಾನೂ ಬರೀತೀನಿ. ನಿದ್ದೆಮಂಪರು ಕೊಟ್ಟು, ಕ್ಲಿಪ್ ಮಾಡಿ, ಜೆಲ್ ಹಾಕಿ, ಎರಡೆರಡು ವಾರ ಬಿಟ್ಟು ಮೂರು ಸಲ. ಆದ್ರೆ ಮಾಡಿದ ಮೇಲೆ ಕೆಲವು ದಿನ ಆ ಜಾಗ ಮರಗಟ್ಟುತ್ತೆ. ಕುದುರೆ ಕುಂಟಲ್ಲ. ಮಾಲೀಕರು "ನೋಡಿ ಡಾಕ್ಟ್ರೇ, ಒಂದೇ ಸಲಕ್ಕೆ" ಅಂತ ಓಡಿಸ್ತಾರೆ. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ಸ್ಪರ್ಧೆಗೆ ಮುಂಚಿನ 5 ದಿನ ಶಾಕ್‌ವೇವ್ ನಿಷೇಧ ಇರೋದು ಇದಕ್ಕೇ. 4ನೇ ದಿನದ ಹಸಿ ಗಾಯಕ್ಕೆ ಬಡಿಯೋ ಕೆಲಸವಂತೂ ಬೇಡ.

ಪ್ರಕಾಶ್, 8:44
ಲಾಳ ಹೊಡೆಯೋರು ಹಿಮ್ಮಡಿ ಎತ್ತರಿಸಿ ವೆಜ್ ಹಾಕ್ತಾರಲ್ಲ, ಅದನ್ನಾದ್ರೂ ಮಾಡ್ಸು. ಟೆಂಡನ್ ಸಡಿಲ ಆಗುತ್ತೆ.

ನಾಗರಾಜ್ ಸರ್, 8:50
ಪ್ರಕಾಶ, ಅದು ಡೀಪ್ ಫ್ಲೆಕ್ಸರ್‌ಗೆ, ಒಳಗಿನ ಟೆಂಡನ್‌ಗೆ. ಹಿಮ್ಮಡಿ ಎತ್ತಿದ್ರೆ ಡೀಪ್‌ನ ಎಳೆತ ಕಮ್ಮಿ ಆಗುತ್ತೆ, ಗೊರಸಿನ ಮೇಲಿನ ಗೆಣ್ಣು (ಫೆಟ್‌ಲಾಕ್) ಕೆಳಗಿಳಿದು ಸೂಪರ್‌ಫಿಶಿಯಲ್ ಮೇಲೆ ಭಾರ ಜಾಸ್ತಿಯೇ ಬೀಳುತ್ತೆ. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ. ಗೊರಸಿನ ಮುಂದಿನ ತುದಿ ಉದ್ದ ಬೆಳೆದಿದ್ರೆ ಮಾತ್ರ ಕತ್ತರಿಸಿ ಸಮ ಮಾಡ್ಸಿ, ಸಾಕು.

ಪ್ರಕಾಶ್, 8:51
ಸರಿ ಸರ್. ಬರೆ ಅಂದ್ರೆ ನೆನಪಾಯ್ತು, ಟಾಂಗಾ ಕುದುರೆಗಳಿಗೆ ಈಗ್ಲೂ ಕಾಯಿಸಿದ ಕಬ್ಬಿಣ ಇಡ್ತಾರೆ.

ನಾಗರಾಜ್ ಸರ್, 8:55
ಇಡ್ತಾರೆ. 1983ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದೋರು ಟೆಂಡನ್ ಕೊಯ್ದು ನೋಡಿ ತೋರಿಸಿದ್ರು, ಬರೆಯಿಂದ ಒಳಗೆ ಲಾಭ ಇಲ್ಲ ಅಂತ. ಬರೆ ಹಾಕಿದ್ಮೇಲೆ ತಿಂಗಳುಗಟ್ಟಲೆ ಕಟ್ಟಿಹಾಕ್ತಿದ್ರು, ವಾಸಿ ಮಾಡಿದ್ದು ಆ ರಜೆ. ಈಗ ಲೇಸರ್‌ನೋರು ಆ ರಜೆಯನ್ನೂ ಕೊಡಲ್ಲ ಅಂತಾರೆ.

ರಮೇಶ್, 9:02
ಸರ್, ಅದೇ ನನ್ನ ಕಷ್ಟ. "ತಣ್ಣೀರು ಬಿಡಿ, ಕಟ್ಟು ಕಟ್ಟಿ, ನಡೆಸಿ" ಅಂದ್ರೆ ಮಾಲೀಕರಿಗೆ ನಾನು ಏನೂ ಮಾಡ್ಲಿಲ್ಲ ಅನ್ಸುತ್ತೆ. ಮೆಷಿನ್ ತಂದ್ರೆ ದುಡ್ಡೂ ಕೊಡ್ತಾರೆ, ಹೇಳಿದ್ದೂ ಕೇಳ್ತಾರೆ. ಮೆಷಿನ್ ನೆಪದಲ್ಲಾದ್ರೂ ಕುದುರೆಗೆ ರಜೆ ಸಿಗ್ಲಿ.

ಸುಜಾತಾ, 9:10
ಪಾಂಪ್ಲೆಟ್ಟಿನೋರು ರಜೆ ಕೊಡ್ತೀವಿ ಅಂತ ಎಲ್ಲಿ ಹೇಳಿದಾರೆ? ರಜೆ ಬೇಡ ಅನ್ನೋದನ್ನೇ ಮಾರ್ತಿರೋದು. ಬೇಕಾದ್ರೆ ನಿನ್ನ ಚೀಟಿ ಹೆಚ್ಚು ಖಡಕ್ಕಾಗಿರ್ಲಿ. ತಣ್ಣೀರು ಅಂತ ಬರೀಬೇಡ. ಬಿಸಿಲಿಗೆ ಕಾದ ಓವರ್‌ಹೆಡ್ ಟ್ಯಾಂಕಿನ ನೀರನ್ನ ಪೈಪಲ್ಲಿ ಬಿಡೋದಕ್ಕೆ ತಣ್ಣೀರು ಅನ್ನಲ್ಲ. ಐಸ್ ಮತ್ತು ನೀರು ಎರಡೂ ಇರೋ ಎತ್ತರದ ರಬ್ಬರ್ ಬೂಟ್ ಅಥವಾ ಬಕೆಟ್, ಮಂಡಿ ಕೆಳಗಿನವರೆಗೆ ಮುಳುಗಬೇಕು. ಬರೀ ಐಸ್ ಪ್ಯಾಕ್ ಕಾಲಿಗೆ ಸರಿಯಾಗಿ ಅಂಟಲ್ಲ, ಮಧ್ಯೆ ಗಾಳಿ ನಿಲ್ಲುತ್ತೆ. ನೀರು ಇದ್ರೆ ಸುತ್ತ ಎಲ್ಲಾ ಕಡೆ ತಾಗುತ್ತೆ. 20ರಿಂದ 30 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಮುಟ್ಟಿದ್ರೆ ಬಿಸಿ ಇರೋವರೆಗೂ ಮುಂದುವರಿಸು.

ಕಾವ್ಯಾ, 9:13
ಮೇಡಂ, ಲ್ಯಾಮಿನೈಟಿಸ್‌ಗೆ (ಗೊರಸಿನೊಳಗಿನ ಉರಿಯೂತ) ಐಸಲ್ಲಿ ಬಿಡದೆ ಇಡ್ತಾರಲ್ಲ, ಇದಕ್ಕೂ ಹಾಗೇ ಇಡಬಹುದಾ?

ಸುಜಾತಾ, 9:17
ಅದು ಬೇರೆ ಲೆಕ್ಕ. ಅಲ್ಲಿ ಗೊರಸಿನ ಉಷ್ಣತೆ 10 ಡಿಗ್ರಿಗಿಂತ ಕೆಳಗೆ, ಹಗಲು ರಾತ್ರಿ, 48ರಿಂದ 72 ಗಂಟೆ. ಕರುಳಿನ ಸೋಂಕಾದ ಕುದುರೆಗೆ ಲ್ಯಾಮಿನೈಟಿಸ್ ಬರೋ ಮುಂಚೆ ಶುರು ಮಾಡಿದ್ರೆ ಹೆಚ್ಚು ಫಲ. ಐಸ್ ಕರಗ್ತಾ ಇದ್ರೆ ತುಂಬೋಕೆ ರಾತ್ರಿ ಒಬ್ಬ ಇರ್ಬೇಕು. ಮಧ್ಯೆ ಬಿಟ್ಟು ಬಿಟ್ಟು ಮಾಡಿದ್ರೆ ಆ ಕೆಲಸ ಆಗಲ್ಲ. ಟೆಂಡನ್‌ಗೆ ಅಷ್ಟು ಬೇಕಿಲ್ಲ.

ನಾಗರಾಜ್ ಸರ್, 9:22
ಕಟ್ಟಿನ ಬಗ್ಗೆ ಯಾರೂ ಮಾತಾಡ್ಲಿಲ್ಲ. ಅಲ್ಲೇ ಜಾಸ್ತಿ ಹಾಳಾಗೋದು. ಹತ್ತಿ ದಪ್ಪ ಇರ್ಬೇಕು, ಎರಡು ಬೆರಳಷ್ಟು, ಸುಕ್ಕು ಇರಕೂಡದು. ಪಟ್ಟಿ ಅರ್ಧರ್ಧ ಒಂದರ ಮೇಲೊಂದು. ಎಳೆಯೋದು ಮುಂದಿನ ಮೂಳೆ ಮೇಲೆ, ಹಿಂದೆ ಟೆಂಡನ್ ಮೇಲೆ ಎಳೀಬಾರ್ದು. ಬಿಗಿತ ಮೇಲಿಂದ ಕೆಳಗೆ ಒಂದೇ. ಒಂದು ಕಡೆ ಬಿಗಿ ಬಿದ್ರೆ ಅಲ್ಲೇ ಹೊಸ ಊತ, ಅದನ್ನ ನೋಡಿ ಹಳೇ ಗಾಯ ಉಲ್ಬಣ ಆಯ್ತು ಅಂತ ಗಾಬರಿ ಬೀಳ್ತಾರೆ. 12 ಗಂಟೆಗೊಮ್ಮೆ ಬಿಚ್ಚಿ ಕೈಯಿಂದ ಸವರಿ ಮತ್ತೆ ಕಟ್ಟೋದು. ಬಲಗಾಲಿಗೂ ಕಟ್ಟಿ, ಭಾರ ಹೊರ್ತಿರೋದು ಅದೇ.

ಪ್ರಕಾಶ್, 9:25
ಕಟ್ಟಿನ ಕೆಳಗೆ ಸಯೀಸ್ ಏನೋ ಖಾರದ ಎಣ್ಣೆ ಹಚ್ಚಿರ್ತಾನೆ, ಅದನ್ನೂ ಕೇಳು.

ಸುಜಾತಾ, 9:28
ಹೌದು, ಖಂಡಿತ ಕೇಳು. ಕಟ್ಟಿನೊಳಗೆ ಕರ್ಪೂರ, ಮೆಂಥಾಲ್ ಬಿದ್ರೆ ಗುಳ್ಳೆ ಏಳುತ್ತೆ. ಮೆಣಸಿನಕಾಯಿ ಕ್ಯಾಪ್ಸೈಸಿನ್ ಇದ್ರೆ ಸ್ಪರ್ಧೆಯಲ್ಲಿ ನಿಷೇಧಿತ. 2008ರ ಒಲಿಂಪಿಕ್ಸ್‌ನ ಹಾಂಗ್‌ಕಾಂಗ್ ಜಂಪಿಂಗ್‌ನಲ್ಲಿ ಕುದುರೆಗಳು ಅದಕ್ಕೇ ಹೊರಗೆ ಹೋದ್ವು.

ರಮೇಶ್, 9:36
ಸರಿ. ನಡೆಸೋ ಲೆಕ್ಕ ಹೇಳು. ಸಯೀಸ್ "ಸ್ವಲ್ಪ ನಡೆಸ್ತೀನಿ" ಅಂದ್ರೆ ಅದು 5 ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು.

ಸುಜಾತಾ, 9:47
ಗಡಿಯಾರ ಕೊಡು ಅವನಿಗೆ. ಮೊದಲ ಎರಡು ವಾರ ಲಾಯದಲ್ಲೇ. 3ನೇ ವಾರ ದಿನಕ್ಕೆ 10 ನಿಮಿಷ, ಗಟ್ಟಿ ಸಮತಟ್ಟು ನೆಲ, ಕೈಯಲ್ಲಿ ಹಿಡಿದು. ವಾರಕ್ಕೆ 5 ನಿಮಿಷ ಸೇರಿಸು, 10ನೇ ವಾರಕ್ಕೆ 45 ಆಗುತ್ತೆ. 3 ತಿಂಗಳಿಗೆ ಅಲ್ಟ್ರಾಸೌಂಡ್ ಸ್ಕ್ಯಾನ್, ಚೆನ್ನಾಗಿದ್ರೆ 5 ನಿಮಿಷ ಟ್ರಾಟ್ (ನಿಧಾನ ಓಟ). ಕ್ಯಾಂಟರ್ 6 ತಿಂಗಳಿಗಿಂತ ಮುಂಚೆ ಕೇಳಲೇಬೇಡ. ಪೂರ್ತಿ ಕೆಲಸ 9ರಿಂದ 12 ತಿಂಗಳು. ಲಂಜ್ ಹಗ್ಗದಲ್ಲಿ ಸುತ್ತು ತಿರುಗಿಸೋದು ಬೇಡ, ಪ್ಯಾಡಕ್‌ನಲ್ಲಿ (ಬೇಲಿಯ ಬಯಲು) ಬಿಡೋದೂ ಬೇಡ. ಎರಡು ತಿಂಗಳು ಕಟ್ಟಿಹಾಕಿದ್ದು ಬಿಟ್ಟ ತಕ್ಷಣ ಕೆನೆದು ಎಗರುತ್ತೆ, ಎಲ್ಲಾ ನೀರಲ್ಲಿ ಹೋಮ.

ಇರ್ಫಾನ್ (ದುಬೈ), 9:52
ಈಜೋದನ್ನೂ ಇಲ್ಲೇ ಹೇಳ್ಬಿಡ್ತೀನಿ, ಕೇಳೋರು ಕೇಳ್ತಾರೆ. ಈಜಿದ್ರೆ ಉಸಿರು, ಹೃದಯ ಹದವಾಗಿರುತ್ತೆ. ಕಾಲಿಗೆ ಭಾರ ಬೀಳಲ್ಲ. ಆದ್ರೆ ಟೆಂಡನ್ ಎಳೆ ಸಾಲಾಗೋಕೆ ಅಳತೆಯ ಭಾರವೇ ಬೇಕು, ಹಾಗಾಗಿ ಈಜು ನಡಿಗೆಗೆ ಬದಲಿ ಅಲ್ಲ. ನೀರಿನ ಟ್ರೆಡ್‌ಮಿಲ್‌ನಲ್ಲೂ ಮೊಣಕೈವರೆಗೆ ನೀರಿದ್ರೆ ಕಮ್ಮಿ ಆಗೋ ಭಾರ ಶೇ. 10ರಷ್ಟೇ, ಸೊಂಟದ ಮೂಳೆವರೆಗೆ ಏರಿದ್ರೆ ಶೇ. 75. ಮಧ್ಯೆ ಎಲ್ಲೋ ನಿಲ್ಲಿಸಿ "ತೂಕವೇ ಇಲ್ಲ" ಅಂತಾರೆ.

ಕಾವ್ಯಾ, 9:58
ರಮೇಶ್ ಸರ್, ಸ್ಕ್ಯಾನ್ ನಾನು ಮಾಡ್ತೀನಿ, ಪೋರ್ಟಬಲ್ ಇದೆ. ಲೀನಿಯರ್ ಪ್ರೋಬ್ 12 ಮೆಗಾಹರ್ಟ್ಜ್‌ವರೆಗೆ ಹೋಗುತ್ತೆ. ನಾಳೆ ಬರ್ಲಾ?

ಸುಜಾತಾ, 10:03
ನಾಳೆ ಬೇಡ ಕಾವ್ಯಾ, 10ನೇ ದಿನದ ಹತ್ತಿರ ಹೋಗು. ಮೊದಲ ವಾರ ಗಾಯ ಇನ್ನೂ ಹರಡ್ತಾ ಇರುತ್ತೆ, ಈಗ ತೆಗೆದ ಚಿತ್ರ ಗಾಯವನ್ನ ಚಿಕ್ಕದು ಅಂತ ತೋರಿಸುತ್ತೆ. ಪ್ರೋಬ್‌ಗೂ ಚರ್ಮಕ್ಕೂ ಮಧ್ಯೆ ಇಡೋ ಸ್ಟ್ಯಾಂಡ್‌ಆಫ್ ಪ್ಯಾಡ್ ಮರೀಬೇಡ. ಎರಡೂ ಕಾಲು ಮಾಡು. ಮಂಡಿ ಹಿಂದಿನ ಆಕ್ಸೆಸರಿ ಮೂಳೆಯಿಂದ ಎಷ್ಟು ಸೆಂ.ಮೀ. ಕೆಳಗೆ ಅಂತ ಟೇಪಲ್ಲಿ ಅಳೆದು ಬರಿ, ಇಲ್ಲಾಂದ್ರೆ ಮುಂದಿನ ಸಲ ಅದೇ ಜಾಗ ಸಿಗಲ್ಲ. ಟೆಂಡನ್‌ನ ಅಡ್ಡಕೊಯ್ತದ ವಿಸ್ತೀರ್ಣ ಹಿಂದಿನ ಸ್ಕ್ಯಾನ್‌ಗಿಂತ ಶೇ. 10ಕ್ಕೂ ಜಾಸ್ತಿ ಬೆಳೆದಿದ್ರೆ ವ್ಯಾಯಾಮ ಒಂದು ಮೆಟ್ಟಿಲು ಕೆಳಗೆ. ಕುಂಟು ಇದ್ಯೋ ಇಲ್ವೋ ಅನ್ನೋದರ ಮೇಲೆ ತೀರ್ಮಾನ ಬೇಡ.

ನಾಗರಾಜ್ ಸರ್, 10:08
ಹುರುಳಿ, ಓಟ್ಸ್ ಇವತ್ತೇ ಕಡಿಮೆ ಮಾಡ್ಸಿ ರಮೇಶ್. ಹುಲ್ಲು ಜಾಸ್ತಿ. ನಿಂತ ಕುದುರೆಗೆ ದುಡಿಯೋ ಕುದುರೆ ದಾಣಿ ಹಾಕಿದ್ರೆ ಮೊದಲ ಸಲ ಹೊರಗೆ ತಂದ ದಿನ ಸ್ನಾಯು ಕಟ್ಟಿಕೊಳ್ಳುತ್ತೆ, ಮೂತ್ರ ಕಾಫಿ ಬಣ್ಣ. ಲದ್ದಿ ಎಷ್ಟು ಸಲ, ನೀರು ಎಷ್ಟು ಬಕೆಟ್, ಲಾಯದ ಬಾಗಿಲಿಗೆ ಹಲಗೆ ನೇತುಹಾಕಿ ಬರೆಸಿ. ನಿಂತಲ್ಲೇ ನಿಂತ್ರೆ ಕರುಳು ಕಟ್ಟುತ್ತೆ.

ರಮೇಶ್, 10:15
ಬೇಜಾರಿಗೆ ಏನ್ ಮಾಡ್ಲಿ ಸರ್? ಅದು ಗೋಡೆ ಒದೀತಿದೆ.

ಸುಜಾತಾ, 10:19
ಕ್ಯಾರೆಟ್ ತಗೋ. ಗಲ್ಲ ಎದೆಗೆ, ಆಮೇಲೆ ಎಡ ಪಕ್ಕೆಗೆ, ಬಲ ಪಕ್ಕೆಗೆ. ಒಂದೊಂದು 5 ಸಲ, ವಾರಕ್ಕೆ 5 ದಿನ. 2011ರ ಅಧ್ಯಯನದಲ್ಲಿ ಮೂರು ತಿಂಗಳು ಹೀಗೆ ಮಾಡಿದ ಕುದುರೆಗಳ ಬೆನ್ನೆಲುಬಿನ ಪಕ್ಕದ ಮಲ್ಟಿಫಿಡಸ್ ಸ್ನಾಯು ದಪ್ಪ ಆಗಿತ್ತು. ಕ್ಯಾರೆಟ್ ಕಸಿಯೋಕೆ ಬಿಡ್ಬೇಡ, ನಿಧಾನಕ್ಕೆ ಹಿಂಬಾಲಿಸಬೇಕು. ಗಲ್ಲ ಕೆಳಗೆ ಗೊರಸಿನತ್ತ ತರೋದು ಈಗ್ಲೇ ಬೇಡ, ಮುಂಗಾಲ ಮೇಲೆ ಭಾರ ಬೀಳುತ್ತೆ.

ರಮೇಶ್, 10:27
ಸರಿ, ಇವೆಲ್ಲಾ ಬರೀತೀನಿ. ಆದ್ರೆ ಲೇಸರ್ ಪೂರ್ತಿ ಬಿಡಲ್ಲ. 10ನೇ ದಿನದ ಸ್ಕ್ಯಾನ್ ಆದ್ಮೇಲೆ, ಕ್ಲಿಪ್ ಮಾಡಿ, ಇರ್ಫಾನ್ ಹೇಳಿದ ಹಾಗೆ. ನೋವಿಗೆ ಸ್ವಲ್ಪ ಆದ್ರೂ ಆಯ್ತು.

ಸುಜಾತಾ, 10:29
ನೋವು ಕಮ್ಮಿ ಆದ್ರೂ ನಡಿಗೆ ಚೀಟಿ ಬದಲಾಗಲ್ಲ ಅಂತ ಮಾಲೀಕರಿಂದ ಸಹಿ ಹಾಕಿಸ್ಕೋ, ಆಮೇಲೆ ಮಾಡು. ಮೆಷಿನ್ ಹಿಡಿಯೋನು ನೋಂದಾಯಿತ ವೈದ್ಯನಾ? 1984ರ ಪಶುವೈದ್ಯ ಪರಿಷತ್ ಕಾಯ್ದೆ ಮರೀಬೇಡ. ಮತ್ತೆ ವ್ಯಾಟ್, ತರಂಗಾಂತರ ಎಷ್ಟು ಅಂತ ಅವರಿಗೆ ಈಗ್ಲೇ ಫೋನ್ ಮಾಡಿ ಕೇಳು.

ರಮೇಶ್, 10:48
ಕೇಳ್ದೆ. "ಎಲ್ಲಾ ಆಟೋ ಸೆಟ್ಟಿಂಗ್ ಸಾರ್, ಹಾರ್ಸ್ ಅಂತ ಒತ್ತಿದ್ರೆ ಸಾಕು" ಅಂದ.

ಸುಜಾತಾ, 10:49
ಐಸ್ ಎಲ್ಲಿ ಸಿಗುತ್ತೆ ವಿಚಾರಿಸು.