ಅಪ್‌ಡೇಟ್: ತಮ್ಮನ ತಗ್ಗಿದ ಮೂಗಿಗೆ ಆಪರೇಷನ್ ಆಯ್ತು

ಮೂರು ತಿಂಗಳ ಹಿಂದೆ ಕೇಳಿದ್ದೆ. ತಮ್ಮನ ಮೂಗಿನ ನಡುಭಾಗ ಕುದುರೆ ಜೀನಿನ ಹಾಗೆ ತಗ್ಗಾಗಿದೆ, ಉಸಿರೂ ಕಟ್ಟುತ್ತದೆ, ಔಷಧಿ ಸಾಕಾ ಅಂತ. ಸಾಕಾಗಲ್ಲ. ಹುಬ್ಬಳ್ಳಿಯಲ್ಲೇ ಆಪರೇಷನ್ ಮಾಡಿಸಿದೆವು.

ಕಾರಣ ಕೇಳಿ ಅವ್ವ ಅತ್ತೇಬಿಟ್ಟಳು. ಅವನಿಗೆ ಎಂಟು ವರ್ಷವಿದ್ದಾಗ ಕ್ರಿಕೆಟ್ ಬಾಲ್ ಬಡಿದಿತ್ತು. ಹೊರಗೆ ರಕ್ತ ಬರಲಿಲ್ಲ ಅಂತ ಅರಿಶಿನ ಹಚ್ಚಿ ಸುಮ್ನಾಗಿದ್ದೆವು. ರಕ್ತ ಒಳಗೆ ಕಟ್ಟಿಕೊಂಡಿತ್ತು! ಮೂಗಿನ ನಡುಗೋಡೆಯ ಮೃದು ಎಲುಬಿಗೆ ತನ್ನದೇ ರಕ್ತನಾಳ ಇಲ್ಲ, ಮೇಲಿನ ಪೊರೆಯೇ ಅದನ್ನು ಸಾಕುತ್ತದೆ. ಎರಡರ ನಡುವೆ ರಕ್ತ ತುಂಬಿದರೆ ಕೆಲವೇ ದಿನದಲ್ಲಿ ಎಲುಬು ಸಾಯುತ್ತದೆ. ಕೀವಾದರೆ ಇನ್ನೂ ಬೇಗ. ಮಕ್ಕಳಿಗೆ ಏಟು ಬಿದ್ದು ಮೂಗು ಕಟ್ಟಿದರೆ ಅವತ್ತೇ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ.

ಕುಷ್ಠ, ಸಿಫಿಲಿಸ್, ರಕ್ತನಾಳಗಳ ಉರಿಯೂತದಿಂದಲೂ ಹೀಗಾಗುತ್ತದಂತೆ, ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಕೊಕೇನ್ ಬಗ್ಗೆಯೂ ಕೇಳಿದರು. ಅಪ್ಪನ ಮುಖ ನೋಡಬೇಕಿತ್ತು!

ತಗ್ಗು ಸಣ್ಣದಿದ್ದರೆ ಕಿವಿಯ ಮೃದು ಎಲುಬು ಸಾಕು. ಇವನಿಗೆ ಪಕ್ಕೆಲುಬಿನದು ತೆಗೆದು ಕೂರಿಸಿದರು. ಮೂಗಿಗಿಂತ ಎದೆನೋವೇ ಜಾಸ್ತಿ, ನಕ್ಕರೂ ಹಿಡಿದುಕೊಳ್ಳುತ್ತಾನೆ. ಮೂಗಿನ ಪಟ್ಟಿ ವಾರಕ್ಕೆ ಬಿಚ್ಚಿದರು. ಪೂರ್ತಿ ಬಾವು ಇಳಿಯಲು ಒಂದು ವರ್ಷ ಬೇಕಂತೆ. ಕೂರಿಸಿದ ಎಲುಬು ಮುಂದೆ ಸ್ವಲ್ಪ ಬಾಗಲೂಬಹುದು ಅಂತ ಮೊದಲೇ ಹೇಳಿದ್ದಾರೆ.

ಉಸಿರು ಈಗಲೇ ಸಲೀಸು. ನಿನ್ನೆ ಮಾಸ್ಕ್ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿಬಂದ, ನಮ್ಮೂರ ಧೂಳು ಗೊತ್ತಲ್ವಾ.